ಗೋಳಿ ಪಲ್ಯಕ್ಕೆ ಯೂರಿಯಾನೋ ತಿಪ್ಪೆಗೊಬ್ಬರಾನೋ? ಕೊಯ್ಲು ಮುಂಜಾನೆಯೋ ಸಂಜೆಯೋ?

ತೊಗರಿ ಹೊಲದಲ್ಲಿ ಕಸ ಅಂತ ಕಿತ್ತು ಬದುವಿಗೆ ಎಸೆಯುವ ಗೋಳಿಯನ್ನೇ ಕಲಬುರಗಿ ಸಂತೆಯಲ್ಲಿ ಸೂಡು ಕಟ್ಟಿ ಮಾರುತ್ತಾರೆ. ಬೆಂಗಳೂರು ಕಡೆ ಇದು ಗೋಣಿ ಸೊಪ್ಪು, ಇಲ್ಲಿನ ಉರ್ದು ಮಾತಿನ ಮನೆಗಳಲ್ಲಿ ಕುಲ್ಫಾ. ತಾನಾಗೇ ಹುಟ್ಟೋ ಗಿಡಕ್ಕೆ ಗೊಬ್ಬರ ಯಾಕೆ ಅನ್ನೋ ಪ್ರಶ್ನೆಗೆ ಎರೆಮಣ್ಣಿನಲ್ಲಿ ನಾಲ್ಕು ಮಡಿ ಮಾಡಿ ನೋಡಿದ್ದು ಇಲ್ಲಿದೆ. ಪ್ರತಿ ಮಡಿ 10 ಅಡಿ ಉದ್ದ, 3 ಅಡಿ ಅಗಲ.

ಬೀಜ ಸಾಸಿವೆಗಿಂತ ಎಷ್ಟೋ ಸಣ್ಣದು. ಒಂದು ಚಿಟಿಕೆಯನ್ನು ಬೊಗಸೆ ಉಸುಕಿನಲ್ಲಿ ಕಲಸಿ ಚೆಲ್ಲಬೇಕು, ಮೇಲೆ ಮಣ್ಣು ಮುಚ್ಚಬಾರದು. ಬೆಳಕು ಬೀಳದಿದ್ದರೆ ಸರಿಯಾಗಿ ಮೊಳೆಯುವುದಿಲ್ಲ. ಎರೆಮಣ್ಣು ಒಣಗಿ ಹೆಪ್ಪುಗಟ್ಟದಂತೆ ಎಳೆ ಸಸಿ ಕಾಣುವ ತನಕ ಝಾರಿಯಲ್ಲಿ ಮೆಲ್ಲಗೆ ನೀರು ಹಾಕಿ. ಆಮೇಲೆ ನೀರು ನಿಂತರೆ ಬುಡ ಕೊಳೆಯುತ್ತದೆ.

ಮೊದಲ ಮಡಿಗೆ ಏನೂ ಇಲ್ಲ. ಎರಡನೆಯದಕ್ಕೆ ಪೂರ್ತಿ ಕಳಿತ ತಿಪ್ಪೆಗೊಬ್ಬರ 6 ಕಿಲೋ, ಬಿತ್ತುವ ಮೊದಲೇ. ಮೂರನೆಯದಕ್ಕೆ ಯೂರಿಯಾ 30 ಗ್ರಾಂ, ನಾಲ್ಕನೆಯದಕ್ಕೆ ಅಮೋನಿಯಂ ಸಲ್ಫೇಟ್ 65 ಗ್ರಾಂ. ಈ ಎರಡರಲ್ಲೂ ಸಾರಜನಕ ಹೆಚ್ಚುಕಮ್ಮಿ 14 ಗ್ರಾಂ, ಆದ್ದರಿಂದ ಹೋಲಿಕೆಗೆ ಬರುತ್ತದೆ. ಅರ್ಧ 12ನೇ ದಿನ, ಉಳಿದರ್ಧ 20ನೇ ದಿನ, ಎಲೆ ಒಣಗಿದ್ದಾಗ ಗಿಡಗಳ ನಡುವೆ ಹಾಕಿ ತಕ್ಷಣ ನೀರು. ಹಸಿ ಎಲೆ ಮೇಲೆ ಯೂರಿಯಾ ಕಾಳು ಕೂತರೆ ಅಲ್ಲೇ ಸುಟ್ಟ ಕಲೆ. ಕ್ಷಾರ ಹೆಚ್ಚಿರುವ ನಮ್ಮ ಮಣ್ಣಿನಲ್ಲಿ ನೀರು ಕೊಡದೆ ಬಿಟ್ಟರೆ ಬಹಳಷ್ಟು ಗೊಬ್ಬರ ಗಾಳಿಪಾಲು.

ಗೊಬ್ಬರ ಕಾಣದ ಮಡಿ ಕೆಂಪು ಕಡ್ಡಿ, ಸಣ್ಣ ಎಲೆ, ಬೇಗ ಹೂವು. ತೂಕದಲ್ಲಿ ಯೂರಿಯಾದ್ದೇ ಮೇಲುಗೈ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸೊಪ್ಪು ನೀರುನೀರು, ಸೂಡು ಕಟ್ಟಿಟ್ಟರೆ ಮೊದಲು ಬಾಡುವುದೂ ಅದೇ. ಗೋಳಿ ನೈಟ್ರೇಟ್ ರೂಪದ ಸಾರಜನಕವನ್ನು ಹೆಚ್ಚು ಹೀರಿದಷ್ಟೂ ಎಲೆಯಲ್ಲಿ ಆಕ್ಸಲೇಟ್ (ಮೂತ್ರಪಿಂಡದ ಕಲ್ಲಿಗೆ ದಾರಿಮಾಡುವ ಅಂಶ) ಏರುತ್ತದೆ, ಅಮೋನಿಯಂ ರೂಪದಲ್ಲಿ ಸಿಕ್ಕರೆ ಕಡಿಮೆ. ಹಾಗಂತ ಅಮೋನಿಯಂ ಸಲ್ಫೇಟ್ ಒಂದೇ ಸಲ ಸುರಿದರೆ ಉಪಯೋಗವಿಲ್ಲ, ಬಿಸಿ ಮಣ್ಣಿನಲ್ಲಿ ಎರಡು ಮೂರು ವಾರದೊಳಗೆ ಅದೂ ನೈಟ್ರೇಟೇ ಆಗುತ್ತದೆ. ತಿಪ್ಪೆಗೊಬ್ಬರದ ಮಡಿ ಮೊದಲ ಹದಿನೈದು ದಿನ ಸೊರಗಿದಂತೆ ಕಂಡು ಆಮೇಲೆ ದಪ್ಪ ಎಲೆ ಬಿಟ್ಟಿತು. ಮನೆಗಾದರೆ ನಮ್ಮ ಓಟು ಇದಕ್ಕೇ. ಮಾರಲಿಕ್ಕಾದರೆ ತಿಪ್ಪೆಗೊಬ್ಬರದ ಜೊತೆ 20ನೇ ದಿನ 10 ಗ್ರಾಂ ಯೂರಿಯಾ ಸಾಕು. ಕೊನೆಯ ಕಂತಿಗೂ ಕೊಯ್ಲಿಗೂ 10–12 ದಿನ ಅಂತರವಿರಲಿ.

ಗೊಬ್ಬರಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ಕೊಯ್ಯುವ ಹೊತ್ತು. ನೀರು ಕಡಿಮೆಯಾದಾಗ ಗೋಳಿ ರಾತ್ರಿ ಗಾಳಿಯ ಇಂಗಾಲವನ್ನು ಮ್ಯಾಲಿಕ್ ಆಮ್ಲ ಮಾಡಿ ಎಲೆಯಲ್ಲಿ ಕೂಡಿಡುತ್ತದೆ, ಹಗಲು ಬಿಸಿಲಲ್ಲಿ ಅದನ್ನೇ ಖರ್ಚು ಮಾಡುತ್ತದೆ. ಅದಕ್ಕೇ ಮುಂಜಾನೆ ಕೊಯ್ದದ್ದು ಹುಳಿ, ಸಂಜೆಯದು ಸಪ್ಪೆ. ಒಂದೇ ಗಿಡದ ಎರಡು ಎಲೆಯನ್ನು ಆರು ಗಂಟೆಗೊಂದು, ಸಂಜೆ ಐದಕ್ಕೊಂದು ಬಾಯಿಗಿಟ್ಟರೆ ಗೊತ್ತಾಗುತ್ತದೆ. ದಿನಾ ನೀರುಣ್ಣುವ ಮಡಿಯಲ್ಲಿ ಈ ಅಂತರ ಕಡಿಮೆ. ತೊಗರಿ ಬ್ಯಾಳಿ ಹಾಕಿ ಕುದಿಸುವುದಾದರೆ ಮುಂಜಾನೆಯದು ತನ್ನಿ, ಹುಣಸೆಹಣ್ಣು ಅರ್ಧ ಉಳಿಯುತ್ತದೆ. ಹಸಿ ಪಚಡಿಗೆ ಸಂಜೆಯದೇ ಲೇಸು: ಬಿಸಿಲುಂಡ ಎಲೆಯಲ್ಲಿ ನೈಟ್ರೇಟೂ ಕಡಿಮೆ. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಯಾವ ಹೊತ್ತಿನದನ್ನೂ ಹಸಿ ತಿನ್ನದೆ, ಕುದಿಸಿ ನೀರು ಬಸಿದು, ಮೊಸರಿನ ಜೊತೆ ಮಿತವಾಗಿ ತಿನ್ನುವುದು ಒಳ್ಳೆಯದು.

ದಿನದ ಲೆಕ್ಕ ಸರಳ: 30–35ನೇ ದಿನ, ಮೊಗ್ಗು ಕಾಣುವ ಮೊದಲು, ಬುಡದಲ್ಲಿ ಎರಡು ಗೆಣ್ಣು ಬಿಟ್ಟು ಕತ್ತರಿಸಿ. ಎರಡು ಮೂರು ವಾರಕ್ಕೆ ಮತ್ತೆ ಚಿಗುರುತ್ತದೆ. ಹಳದಿ ಹೂವು ಬಂದಮೇಲೆ ಕಡ್ಡಿ ನಾರಾಗುತ್ತದೆ. ಅದೂ ದಾಟಿದರೆ ಕಾಯಿಯ ತಲೆ ಡಬ್ಬಿಯ ಮುಚ್ಚಳದಂತೆ ಕಳಚಿ, ಒಳಗಿನ ಕರಿ ಬೀಜವೆಲ್ಲ ಮಡಿಗೆ ಸುರಿಯುತ್ತದೆ, ಮುಂದಿನ ವರ್ಷ ಮೆಂತ್ಯ ಹಾಕಿದಲ್ಲೂ ಗೋಳಿಯೇ. ಕೊಯ್ಯುವಾಗ ಬಿದ್ದ ತುಂಡುಗಳನ್ನೂ ಆರಿಸಿಕೊಳ್ಳಿ, ಹಸಿ ಮಣ್ಣು ಸಿಕ್ಕರೆ ಗೆಣ್ಣಿನಿಂದ ಬೇರು ಬಿಡುತ್ತವೆ. ಗೋಳಿಯ ನಡುವೆ ನೆಲಕ್ಕೊರಗಿ ಬೆಳೆಯುವ ಇನ್ನೊಂದು ಗಿಡ ಸೇರಿಕೊಂಡಿರುತ್ತದೆ. ಕಡ್ಡಿ ಮುರಿದಾಗ ಬಿಳಿ ಹಾಲು ಬಂದರೆ ಅದು ಗೋಳಿಯಲ್ಲ, ಬುಟ್ಟಿಗೆ ಹಾಕಬೇಡಿ.