‘ಪೂರ್ತಿ ಸೆಟ್’ ಜಾಹೀರಾತು ನೋಡಿ ಮುಂಗಡ ದುಡ್ಡು ಕಳಿಸಬೇಡಿ: ಫ್ಯಾಂಟಸಿ ಸರಣಿ ಓದುವವರಿಗೆ ಎಚ್ಚರಿಕೆ

‘ದಿ ವೀಲ್ ಆಫ್ ಟೈಮ್’ ಪೂರ್ತಿ 14 ಸಂಪುಟ, ಹೊಚ್ಚ ಹೊಸತು, 2,499 ರೂಪಾಯಿ, ಸ್ಟಾಕ್ ಮುಗಿಯುತ್ತಿದೆ, ಯುಪಿಐ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ. ಮಂಗಳೂರು, ಮಣಿಪಾಲದ ಓದುಗರ ಫೋನಿಗೆ ಇನ್‌ಸ್ಟಾಗ್ರಾಂ ಮೂಲಕ ಬರುವ ಇಂಥ ಜಾಹೀರಾತನ್ನು ನಂಬಿ ದುಡ್ಡು ಕಳೆದುಕೊಂಡವರು ಈಗ ಒಬ್ಬಿಬ್ಬರಲ್ಲ. ಬಹುಪಾಲು ಕಾಲೇಜು ಮಕ್ಕಳು. ತಿಂಗಳ ಖರ್ಚಿನಲ್ಲಿ ಉಳಿಸಿದ ದುಡ್ಡು ಅದು. ಒಂದು ಸಂಪುಟಕ್ಕೆ 180 ರೂಪಾಯಿಯೂ ಬೀಳುವುದಿಲ್ಲ ಎಂಬ ಲೆಕ್ಕ ಯಾರನ್ನಾದರೂ ಸೆಳೆಯುತ್ತದೆ. ಆದರೆ ಮನೆಗೆ ಬರುವ ಪೆಟ್ಟಿಗೆಯ ಒಳಗೆ ಬೇರೆಯೇ ಕಥೆ ಉಂಟು: ಕದ್ದು ಅಚ್ಚು ಹಾಕಿದ ನಕಲಿ ಪ್ರತಿಗಳು.

ಅಂಥ ಒಂದು ಪೆಟ್ಟಿಗೆಯಲ್ಲಿ ಬಂದದ್ದನ್ನು ಹಾಗೆಯೇ ಹೇಳುತ್ತೇನೆ. ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಗಾತ್ರಕ್ಕೆ ತಕ್ಕ ಭಾರ ಇಲ್ಲ. ಮುಖಪುಟದಲ್ಲಿ ಹೆಸರು ಉಬ್ಬಿರಬೇಕಾದಲ್ಲಿ ಬೆರಳಾಡಿಸಿದರೆ ನುಣ್ಣಗೆ. ಒಂದು ಸಂಪುಟದ ಬೆನ್ನಿನ ಅಕ್ಷರ ಎಡಕ್ಕೆ ಸರಿದಿದೆ, ಇನ್ನೊಂದರದ್ದು ಅಂಚು ದಾಟಿ ಮುಖಪುಟಕ್ಕೇ ಹತ್ತಿದೆ. ಒಳಗಿನ ಕಾಗದ ಎಷ್ಟು ತೆಳುವೆಂದರೆ ಹಿಂದಿನ ಪುಟದ ಸಾಲುಗಳು ಈ ಪುಟದ ಸಾಲುಗಳ ನಡುವೆ ತೋರುತ್ತವೆ. ನಕ್ಷೆಯಂತೂ ಬೂದು ಬಣ್ಣದ ಮಸಿ. ಊರುಗಳ ಹೆಸರು ಓದಲಾಗುವುದಿಲ್ಲ, ನಡುವಿನ ದೇಶಗಳೆಲ್ಲ ಬೈಂಡಿಂಗ್ ಒಳಗೆ ಮುಚ್ಚಿಹೋಗಿವೆ. ಫ್ಯಾಂಟಸಿ ಓದುವವರಿಗೆ ನಕ್ಷೆ ಅಲಂಕಾರದ ವಸ್ತುವಲ್ಲ, ಪ್ರತಿ ಪಯಣಕ್ಕೂ ಅದನ್ನು ತಿರುವಿ ನೋಡಬೇಕು. ಪುಸ್ತಕದ ಕೊನೆಯಲ್ಲಿರುವ ಪದಕೋಶವನ್ನು ಕಾಗದ ಉಳಿಸಲು ಕೈಬಿಟ್ಟಿದ್ದಾರೆ. ಒಂದು ಸಂಪುಟದಲ್ಲಿ 480ನೇ ಪುಟ ಮಗುಚಿದರೆ 513.

ಈ ಕೊನೆಯ ದೋಷ ಯಾಕೆ ಬರುತ್ತದೆ ಎಂದು ತಿಳಿದಿದ್ದರೆ ಪುಸ್ತಕ ಪರೀಕ್ಷಿಸುವುದು ಸುಲಭ. ಪುಸ್ತಕ ಅಚ್ಚಾಗುವುದು ಬಿಡಿ ಪುಟಗಳಾಗಿ ಅಲ್ಲ, ಫಾರಂ ಲೆಕ್ಕದಲ್ಲಿ. ದೊಡ್ಡ ಹಾಳೆಯಲ್ಲಿ 16 ಅಥವಾ 32 ಪುಟ ಒಟ್ಟಿಗೆ ಅಚ್ಚಾಗಿ, ಮಡಚಿ, ಒಂದರ ಮೇಲೊಂದು ಜೋಡಿಸಿ, ಬೆನ್ನಿಗೆ ಅಂಟು ಹಾಕುತ್ತಾರೆ. ಕದ್ದು ಅಚ್ಚು ಹಾಕುವವರ ಬಳಿ ಜೋಡಣೆಯನ್ನು ತಪಾಸಣೆ ಮಾಡುವ ವ್ಯವಸ್ಥೆ ಇರುವುದಿಲ್ಲ. ಒಂದು ಫಾರಂ ತಪ್ಪಿದರೆ 32 ಪುಟ ಒಮ್ಮೆಲೇ ಮಾಯ, ಅದೇ ಫಾರಂ ಎರಡು ಸಲ ಸೇರಿದರೆ ಓದಿದ್ದೇ ಮತ್ತೆ ಬರುತ್ತದೆ. ಹಾಗಾಗಿ ಪುಸ್ತಕ ಬಂದ ದಿನವೇ 16ರ ಗುಣಕಗಳಲ್ಲಿ ಪುಟಸಂಖ್ಯೆ ನೋಡಿ: 16ರ ನಂತರ 17, 32ರ ನಂತರ 33, ಹೀಗೆ ಕೊನೆಯವರೆಗೆ. ಸಾವಿರ ಪುಟದ ಪುಸ್ತಕಕ್ಕೂ ಐದು ನಿಮಿಷ ಸಾಕು. ನಾಲ್ಕು ತಿಂಗಳು ಬಿಟ್ಟು ಓದಲು ಕೂತಾಗ ಗೊತ್ತಾದರೆ ವಾಪಸು ಕೊಡುವ ಅವಧಿ ಮುಗಿದಿರುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆ. ತೇವ ಕುಡಿದ ಕಾಗದ ಉಬ್ಬುತ್ತದೆ, ಬೆನ್ನಿನ ಗಟ್ಟಿ ಅಂಟು ಅದರೊಂದಿಗೆ ಉಬ್ಬುವುದಿಲ್ಲ. ಒಳ್ಳೆಯ ಬೈಂಡಿಂಗ್ ಈ ಎಳೆತವನ್ನು ತಡೆದುಕೊಳ್ಳುತ್ತದೆ. ಬೆನ್ನನ್ನು ಸರಿಯಾಗಿ ಒರಟು ಮಾಡದೆ ತೆಳ್ಳಗೆ ಅಂಟು ಬಳಿದ ಪುಸ್ತಕ ಬೇಸಿಗೆಯಲ್ಲಿ ಚೆನ್ನಾಗಿ ಕಂಡರೂ ಆಟಿಯ ಮಳೆ ಹಿಡಿಯುವ ಹೊತ್ತಿಗೆ ನಡುವಿನಲ್ಲಿ ಸೀಳಿ ಪುಟಪುಟವಾಗಿ ಕೈಗೆ ಬರುತ್ತದೆ.

ಪುಸ್ತಕ ಅಸಲಿಯಾದರೂ ‘ಪೂರ್ತಿ’ ಎಂಬಲ್ಲೇ ಮೋಸ ಇರಬಹುದು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯಲ್ಲಿ ಈವರೆಗೆ ಬಂದಿರುವುದು 5 ಕಾದಂಬರಿ, ಐದನೆಯದು 2011ರಲ್ಲಿ. ಆದರೆ ನಮ್ಮಲ್ಲಿ ಹೆಚ್ಚಾಗಿ ಸಿಗುವ ಬ್ರಿಟಿಷ್ ಪೇಪರ್‌ಬ್ಯಾಕ್‌ನಲ್ಲಿ ಮೂರನೆಯದು ಮತ್ತು ಐದನೆಯದು ಎರಡೆರಡು ಭಾಗ, ಒಟ್ಟು 7 ಪುಸ್ತಕ. ಐದು ಪುಸ್ತಕ ಕಳಿಸಿ ‘ಐದೂ ಕಾದಂಬರಿ ಕೊಟ್ಟಿದ್ದೇವೆ’ ಎಂದು ವಾದಿಸುವ ಮಾರಾಟಗಾರರಿದ್ದಾರೆ. ಎಣಿಸಿದರೆ ಎರಡು ಕಾದಂಬರಿಗಳ ಉತ್ತರಾರ್ಧವೇ ಇಲ್ಲ. ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ‘ದಿ ವೇ ಆಫ್ ಕಿಂಗ್ಸ್’ ಕೂಡ ಬ್ರಿಟಿಷ್ ಪೇಪರ್‌ಬ್ಯಾಕ್‌ನಲ್ಲಿ ಎರಡು ಭಾಗವಾಗಿ ಬರುತ್ತದೆ. ಒಂದೇ ಭಾಗವನ್ನು ಇಡೀ ಕಾದಂಬರಿಯ ಬೆಲೆಗೆ ಮಾರುವುದು ಸೆಕೆಂಡ್ ಹ್ಯಾಂಡ್ ವ್ಯವಹಾರದಲ್ಲಿ ಮಾಮೂಲಿಯಾಗಿಬಿಟ್ಟಿದೆ. ಬೆನ್ನಿನ ಮೇಲೆ ‘ಪಾರ್ಟ್ ಒನ್’ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ, ಫೋಟೋದಲ್ಲಿ ಮುಖಪುಟ ಮಾತ್ರ ತೋರಿಸಿರುತ್ತಾರೆ.

ದುಡ್ಡು ಕೊಡುವ ಮೊದಲು ನಾಲ್ಕು ಫೋಟೋ ಕೇಳಿ: ಎಲ್ಲ ಬೆನ್ನುಗಳನ್ನು ಒಟ್ಟಿಗೆ ನಿಲ್ಲಿಸಿದ್ದು, ಕಾಪಿರೈಟ್ ಪುಟ (ಪ್ರಕಾಶಕರು, ಆವೃತ್ತಿಯ ವಿವರ ಇರುವುದು), ನಕ್ಷೆಯ ಪುಟ, ಕೊನೆಯ ಪುಟ. ಜೊತೆಗೆ ಒಂದು ಚೀಟಿಯಲ್ಲಿ ಅಂದಿನ ತಾರೀಕು ಬರೆದು ಪಕ್ಕದಲ್ಲಿಡಲು ಹೇಳಿ. ಅಂತರ್ಜಾಲದಿಂದ ಎತ್ತಿದ ಫೋಟೋ ಇಟ್ಟುಕೊಂಡವರು ಇಲ್ಲೇ ಜಾರಿಕೊಳ್ಳುತ್ತಾರೆ. ‘ಫಸ್ಟ್ ಕಾಪಿ’, ‘ಎಕ್ಸ್‌ಪೋರ್ಟ್ ಕ್ವಾಲಿಟಿ’ ಎಂಬ ಮಾತು ಬಂದರೆ ಅದು ನಕಲಿಯೇ, ಮುಂದೆ ಕೇಳುವುದು ಬೇಡ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಸರಿಯಾಗಿದೆ ಎಂದ ಮಾತ್ರಕ್ಕೆ ನಂಬಬೇಡಿ. ನಕಲಿ ಪ್ರತಿಯಲ್ಲೂ ಅಸಲಿಯ ಸಂಖ್ಯೆಯನ್ನೇ ಅಚ್ಚು ಹಾಕಿರುತ್ತಾರೆ. ಆ 13 ಅಂಕಿ ನಿಮಗೆ ಉಪಯೋಗಕ್ಕೆ ಬರುವುದು ಬೇರೆ ವಿಷಯಕ್ಕೆ: ಪ್ರಕಾಶಕರ ಜಾಲತಾಣದಲ್ಲಿ ಹಾಕಿ ನೋಡಿದರೆ ಅದು ಯಾವ ಆವೃತ್ತಿ, ಇಡೀ ಕಾದಂಬರಿಯೋ ಅರ್ಧವೋ, ಎಷ್ಟು ಪುಟ ಎಂದು ತಿಳಿಯುತ್ತದೆ. ಪಾರ್ಸೆಲ್ ಚೀಟಿಯ ತೂಕವನ್ನೂ ನೋಡಿ. ‘ದಿ ವೀಲ್ ಆಫ್ ಟೈಮ್’ನ 14 ದಪ್ಪ ಸಂಪುಟಕ್ಕೆ ತೂಕ ತೀರಾ ಕಡಿಮೆ ಎನಿಸಿದರೆ ಬಿಚ್ಚುವ ಮೊದಲೇ ವಿಡಿಯೊ ಶುರು ಮಾಡಿ. ಅಂದ ಹಾಗೆ ಆ ಸರಣಿ 2013ರಲ್ಲೇ ಮುಗಿದಿದೆ, ಪ್ರತಿಗಳು ಮತ್ತೆ ಮತ್ತೆ ಅಚ್ಚಾಗುತ್ತಲೇ ಇವೆ. ಇವತ್ತೇ ಕೊಳ್ಳಬೇಕೆಂಬ ಅವಸರ ಮಾರುವವರದ್ದು, ಓದುಗರದ್ದಲ್ಲ.

ಹಾಗೆಂದು ಅಗ್ಗದ್ದೆಲ್ಲ ನಕಲಿಯಲ್ಲ. ಭಾರತೀಯ ಉಪಖಂಡದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾದ ಕಡಿಮೆ ಬೆಲೆಯ ಅಸಲಿ ಆವೃತ್ತಿಗಳಿವೆ. ಕಾಗದ ಸಾಧಾರಣ, ನಕ್ಷೆ ಸ್ಪಷ್ಟ. ತೂಕದ ಲೆಕ್ಕದಲ್ಲಿ, ಪೆಟ್ಟಿಗೆ ತುಂಬಿಸಿ ಮಾರುವ ಮೇಳಗಳಿಗೆ ಬರುವುದು ಹೆಚ್ಚಾಗಿ ವಿದೇಶದ ಹಳೆಯ ಪುಸ್ತಕ. ಅಂಚಿನಲ್ಲಿ ಮಾರ್ಕರ್ ಗೆರೆ ಇದ್ದರೆ ಪ್ರಕಾಶಕರ ಬಳಿ ಉಳಿದು ಬಂದದ್ದು, ಒಳಗೆ ಗ್ರಂಥಾಲಯದ ಮುದ್ರೆ ಇದ್ದರೆ ಅಲ್ಲಿಂದ ತೆಗೆದುಹಾಕಿದ್ದು. ಎರಡೂ ಅಸಲಿ. ನನ್ನ ಮಟ್ಟಿಗೆ ಸರಣಿ ಕಟ್ಟಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದೇ ಸರಣಿಯ ಅಮೆರಿಕನ್ ಚಿಕ್ಕ ಪೇಪರ್‌ಬ್ಯಾಕ್ ಮತ್ತು ಬ್ರಿಟಿಷ್ ಆವೃತ್ತಿ ಬೆರೆತರೆ ಕಪಾಟಿನಲ್ಲಿ ಎತ್ತರ ತಗ್ಗಾಗುತ್ತದೆ ಅಷ್ಟೆ. ಅಕ್ಕಪಕ್ಕದ ಎರಡು ಸಂಪುಟಗಳಿಗಿಂತ ಹೆಚ್ಚು ಒಮ್ಮೆಗೆ ಕೊಳ್ಳಬೇಡಿ. ದೊಡ್ಡ ಸರಣಿಗಳನ್ನು ಮೂರನೆಯದರಲ್ಲೇ ಬಿಡುವವರು ಬಹಳ. ಇ-ಪುಸ್ತಕದ ಉಚಿತ ಸ್ಯಾಂಪಲ್ ಓದಿಯೇ ಮೊದಲ ಸಂಪುಟ ನಿರ್ಧರಿಸಿ.

ಕಿಂಡಲ್ ಅನ್‌ಲಿಮಿಟೆಡ್‌ನಂಥ ಇ-ಪುಸ್ತಕದ ಚಂದಾದಲ್ಲಿ ದೊಡ್ಡ ಪ್ರಕಾಶಕರ ಸರಣಿಗಳು ಕಡಿಮೆ, ಸ್ವಂತವಾಗಿ ಪ್ರಕಟಿಸುವ ಲೇಖಕರದ್ದು ಹೆಚ್ಚು. ಆ ಲೇಖಕರ ಒಪ್ಪಂದ 90 ದಿನಗಳದ್ದು. ನವೀಕರಿಸದಿದ್ದರೆ ಸರಣಿ ಅರ್ಧದಲ್ಲೇ ಪಟ್ಟಿಯಿಂದ ಮಾಯವಾಗಬಹುದು, ಚಂದಾ ನಿಲ್ಲಿಸಿದರೆ ಎರವಲು ಪಡೆದದ್ದೂ ಹೋಗುತ್ತದೆ. ಎಲ್ಲ ಸಂಪುಟ ಅದರಲ್ಲಿದೆಯೇ ನೋಡಿಕೊಂಡು, ರಜೆಯ ಒಂದು ತಿಂಗಳಿಗೆ ಚಂದಾ ಕಟ್ಟಿ ಓದಿ ಮುಗಿಸುವುದು ಲಾಭ.

ಪೂರ್ತಿ ಉಚಿತವಾಗಿ, ಕಾನೂನಿನ ಪ್ರಕಾರವೇ ಸಿಗುವುದೂ ಉಂಟು. ಸ್ಯಾಂಡರ್ಸನ್ ತಮ್ಮ ‘ವಾರ್‌ಬ್ರೇಕರ್’ ಕಾದಂಬರಿಯನ್ನು ಸ್ವಂತ ಜಾಲತಾಣದಲ್ಲೇ ಉಚಿತವಾಗಿ ಇಟ್ಟಿದ್ದಾರೆ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣದ ನಂತರ 60 ವರ್ಷ. 1963ರಲ್ಲಿ ತೀರಿಕೊಂಡ ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಕಥೆಗಳ ಪಠ್ಯ 2024ರ ಜನವರಿ 1ರಿಂದ ಇಲ್ಲಿ ಮುಕ್ತ; ಅದರ ಚಿತ್ರಗಳು ಮಾತ್ರ ಅಲ್ಲ, ಕಲಾವಿದೆ ತೀರಿಕೊಂಡದ್ದು 2008ರಲ್ಲಿ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ತೀರಿಕೊಂಡದ್ದು 1973ರಲ್ಲಿ, ಅವರದ್ದಕ್ಕೆ 2034ರವರೆಗೆ ಕಾಯಬೇಕು. ಟೆಲಿಗ್ರಾಂ ಚಾನೆಲ್‌ಗಳ ಪಿಡಿಎಫ್ ಈ ಸಾಲಿಗೆ ಸೇರುವುದಿಲ್ಲ. ಪುಸ್ತಕ ತೆರೆಯಲು ಎಪಿಕೆ (ಆ್ಯಪ್ ಅಳವಡಿಸುವ) ಫೈಲ್ ಹಾಕಿಕೊಳ್ಳಿ ಎಂದರೆ ಅಲ್ಲಿಗೇ ನಿಲ್ಲಿಸಿ, ಬ್ಯಾಂಕಿನ ಒಟಿಪಿ ಓದುವ ಆ್ಯಪ್‌ಗಳು ಬರುವುದು ಹಾಗೆಯೇ.

ಮಂಗಳೂರಿನ ಬಾವುಟಗುಡ್ಡೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಫ್ಯಾಂಟಸಿ ಏನಿರುತ್ತದೆ ಎಂದು ಕೇಳುವವರಿಗೆ ಒಂದು ಮಾತು. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ನಮ್ಮ ಮನೆಗಳಿಂದಲೇ ಹೋಗುತ್ತದೆ. ಬೇಕಾದ ಪುಸ್ತಕದ ಹೆಸರು, ಪ್ರಕಾಶಕರು, ಐಎಸ್‌ಬಿಎನ್ ಬರೆದು ಹತ್ತು ಜನ ಸಹಿ ಹಾಕಿ ಕೊಡಿ. ಬೇಡಿಕೆಯೇ ಇಲ್ಲದಿದ್ದರೆ ಅವರು ತರಿಸುವುದಾದರೂ ಯಾರಿಗಾಗಿ?

ಈಗಾಗಲೇ ದುಡ್ಡು ಹೋಗಿದ್ದರೆ ತಡ ಮಾಡಬೇಡಿ. ದುಡ್ಡು ಪಡೆದು ಬ್ಲಾಕ್ ಮಾಡಿದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಯುಪಿಐ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ನಕಲಿ ಅಥವಾ ಅಪೂರ್ಣ ಸೆಟ್ ಬಂದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಮಾರಾಟಗಾರ ಯಾವ ಊರಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, 2 ವರ್ಷದ ಒಳಗೆ ಕೊಡಬೇಕು. ದೊಡ್ಡ ಶಾಪಿಂಗ್ ಆ್ಯಪ್‌ನಲ್ಲಿ ಕೊಂಡದ್ದಾದರೆ ವಾಪಸಿಗೆ ಕಾರಣ ‘ಬೇಡವಾಯಿತು’ ಎಂದು ಒತ್ತಬೇಡಿ, ‘ನಕಲಿ ವಸ್ತು’ ಎಂದೇ ಆರಿಸಿ, ನಕ್ಷೆಯ ಪುಟದ ಫೋಟೋ ಹಾಕಿ.

ಹೋದ ದುಡ್ಡು ಬರಲಿ ಎಂದು ಆ ಸೆಟ್ಟನ್ನು ಜೂನಿಯರ್‌ಗಳಿಗೆ ಮಾರಬೇಡಿ. ನಕಲಿ ಎಂದು ಗೊತ್ತಿದ್ದೂ ಮಾರುವುದು 1957ರ ಕಾಪಿರೈಟ್ ಕಾಯ್ದೆಯಡಿ ಅಪರಾಧ, ಆಗ ಹೆಸರು ಬರುವುದು ನಿಮ್ಮದು. ದೂರು ಇತ್ಯರ್ಥ ಆಗುವವರೆಗೆ ಪೆಟ್ಟಿಗೆ, ಪಾರ್ಸೆಲ್ ಚೀಟಿ, ಪುಸ್ತಕ ಎಲ್ಲವನ್ನೂ ಹಾಗೆಯೇ ಇಟ್ಟುಕೊಳ್ಳಿ.