ಫೈಲ್ ಕೆಲಸಕ್ಕೆ ರಸ್ಟ್ ಭಾಷೆ: ಹಲವು ಮಳೆಗಾಲಗಳ ಬಳಕೆಯ ನಂತರ

ಶಿವಮೊಗ್ಗದಲ್ಲಿ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಕೊಡುವ ಚಿಕ್ಕ ಅಂಗಡಿ ನಮ್ಮದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಿಂದ ಅಡಿಕೆ ವ್ಯಾಪಾರದ ಲೆಕ್ಕದ ಪುಸ್ತಕಗಳು, ಜಮೀನಿನ ಪತ್ರಗಳು, ಬೂಷ್ಟು ಹಿಡಿದ ಫೋಟೊಗಳು ಬರುತ್ತವೆ. ಕೆಲವು ಹಾಳೆಗಳು ಎಷ್ಟು ಜೀರ್ಣವಾಗಿರುತ್ತವೆಂದರೆ ಅವನ್ನು ಇನ್ನೊಮ್ಮೆ ಸ್ಕ್ಯಾನರಿನ ಗಾಜಿನ ಮೇಲೆ ಇಡುವ ಧೈರ್ಯವಾಗುವುದಿಲ್ಲ. ಚಿತ್ರಗಳನ್ನು ಊರು, ಮನೆಗಳ ಪ್ರಕಾರ ಫೋಲ್ಡರುಗಳಿಗೆ ಹಂಚುವುದು, ಒಂದೇ ಚಿತ್ರ ಎರಡು ಕಡೆ ಉಳಿದಿದ್ದರೆ ಹುಡುಕುವುದು, ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ ತಾಳೆ ನೋಡುವುದು, ಈ ಕೆಲಸಗಳಿಗಾಗಿ ಕಮಾಂಡ್ ಲೈನಿನಲ್ಲಿ ಓಡುವ ಸಣ್ಣ ಪ್ರೋಗ್ರಾಮುಗಳನ್ನು ರಸ್ಟ್ ಭಾಷೆಯಲ್ಲಿ ಬರೆದುಕೊಂಡು ಹಲವು ಮಳೆಗಾಲಗಳಿಂದ ಬಳಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೆಮೊರಿಯನ್ನು ತಪ್ಪಾಗಿ ಬಳಸಲು ಬಿಡುವುದಿಲ್ಲವೆಂದು ರಸ್ಟ್ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತದೆ, ಆದರೆ ಡಿಸ್ಕಿನ ಮೇಲಿರುವ ಫೈಲಿನ ಕ್ಷೇಮ ಅದರ ಹೊಣೆಯಲ್ಲ.

2015ರ ಮೇ ತಿಂಗಳಲ್ಲಿ 1.0 ಆವೃತ್ತಿಯಾಗಿ ಹೊರಬಂದ ಈ ಭಾಷೆಯ ಬಗ್ಗೆ ಪರಿಚಯ ಲೇಖನಗಳು ಬೇಕಾದಷ್ಟಿವೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಫೈಲ್ ಕೆಲಸದಲ್ಲಿ ಅದರ ದೊಡ್ಡ ಗುಣವೆಂದರೆ, ಫೈಲ್ ತೆರೆಯುವ, ಓದುವ, ಫೋಲ್ಡರಿನೊಳಗಿನ ಪಟ್ಟಿ ಪಡೆಯುವ ಪ್ರತಿಯೊಂದು ಕರೆಯೂ ‘ರಿಸಲ್ಟ್’ ಎಂಬ ಉತ್ತರವನ್ನೇ ಹಿಂದಿರುಗಿಸುತ್ತದೆ: ಕೆಲಸ ಆಗಿದ್ದರೆ ಅದರ ಫಲ, ಆಗದಿದ್ದರೆ ಕಾರಣ. ಪಟ್ಟಿಯಲ್ಲಿರುವ ಒಂದೊಂದು ಹೆಸರು ಕೂಡ ಹೀಗೆಯೇ ಬರುತ್ತದೆ. ಉತ್ತರವನ್ನು ನೋಡದೆ ಮುಂದೆ ಹೋದರೆ ಕಂಪೈಲರ್ (ಬರೆದದ್ದನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಸಾಧನ) ಎಚ್ಚರಿಸುತ್ತದೆ. ಪ್ರತಿ ಸಾಲಿಗೂ ಚೀಟಿ ಕೇಳುವ ಮಂಡಿ ಗುಮಾಸ್ತನ ಸ್ವಭಾವ ಅದರದು. ಮೊದಲ ತಿಂಗಳುಗಳಲ್ಲಿ ಇದು ಕಿರಿಕಿರಿಯೇ. ಆದರೆ ಸಾವಿರಾರು ಚಿತ್ರಗಳ ನಡುವೆ ಓದಲಾಗದ ಒಂದೇ ಒಂದು ಫೈಲ್ ಇದ್ದಾಗ, ಪ್ರೋಗ್ರಾಮು ಅಲ್ಲಿಗೇ ನಿಲ್ಲದೆ, ಸುಮ್ಮನೆ ಹಾರಿಸಿಯೂ ಹೋಗದೆ, ಅದರ ಹೆಸರನ್ನೂ ಕಾರಣವನ್ನೂ ಕೊನೆಯಲ್ಲಿ ತಿಳಿಸುವಂತೆ ಮಾಡಿಕೊಳ್ಳಲು ಸಾಧ್ಯವಾದದ್ದು ಈ ಹಟದಿಂದಲೇ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಗಮನಿಸಬೇಕಾದ ವಿಷಯ ಇನ್ನೊಂದಿದೆ. ರಸ್ಟ್ ತನ್ನ ಪಠ್ಯವನ್ನು ಯುಟಿಎಫ್-8 ಎಂಬ, ಯೂನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ರೂಪದಲ್ಲಿಯೇ ಇಟ್ಟುಕೊಳ್ಳುತ್ತದೆ, ಆ ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಶಿವಮೊಗ್ಗ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡಿನಲ್ಲಿ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ಇನ್ನೂ ತೊಡಕಿನ ಸಂಗತಿಯೆಂದರೆ ‘ಮೊ’ದಲ್ಲಿರುವ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಚಿಹ್ನೆಗಳನ್ನು ಒಂದರ ಮುಂದೊಂದು ಇಟ್ಟೂ ಬರೆಯಬಹುದು, ಎರಡನೆಯ ರೂಪದಲ್ಲಿ ಅದೇ ಊರಿನ ಹೆಸರು 27 ಬೈಟ್ ಆಗುತ್ತದೆ. ‘ತೀರ್ಥಹಳ್ಳಿ’ಯ ದೀರ್ಘಕ್ಕೂ ಇದೇ ಕಥೆ. ಗ್ರಾಹಕರು ಬೇರೆ ಬೇರೆ ಕಂಪ್ಯೂಟರುಗಳಿಂದ ತಂದ ಫೋಲ್ಡರುಗಳಲ್ಲಿ ಎರಡೂ ರೂಪ ಸಿಗುತ್ತವೆ, ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ, ಹೋಲಿಸಿ ನೋಡಿದರೆ ಮಾತ್ರ ರಸ್ಟ್ ಇವು ಬೇರೆ ಬೇರೆ ಎನ್ನುತ್ತದೆ. ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಸೌಲಭ್ಯ ಭಾಷೆಯ ಜೊತೆಗೇ ಬರುವ ಮೂಲ ಗ್ರಂಥಾಲಯದಲ್ಲಿಲ್ಲ. ‘ಯೂನಿಕೋಡ್-ನಾರ್ಮಲೈಸೇಶನ್’ ಎಂಬ ಕ್ರೇಟನ್ನು (ಬೇರೆಯವರು ಬರೆದು ಹಂಚುವ ರಸ್ಟ್ ಕೋಡಿನ ಕಟ್ಟು) ಸೇರಿಸಿಕೊಳ್ಳಬೇಕು.

ಹೆಸರಿನ ಉದ್ದದ್ದೂ ಒಂದು ಲೆಕ್ಕವಿದೆ. ಹೊರಗಿನ ಡಿಸ್ಕುಗಳಲ್ಲಿ ಸಾಮಾನ್ಯವಾಗಿರುವ ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ) 255 ಕನ್ನಡ ಸಂಕೇತಗಳವರೆಗಿನ ಹೆಸರನ್ನು ಒಪ್ಪುತ್ತದೆ. ಲಿನಕ್ಸಿನ ಇಎಕ್ಸ್‌ಟಿ4 ಒಪ್ಪುವುದು 255 ಬೈಟ್, ಅಂದರೆ 85 ಕನ್ನಡ ಸಂಕೇತ ಮಾತ್ರ. ಊರು, ಮನೆತನ, ಪತ್ರದ ಬಗೆ, ಇಸವಿ, ಪುಟ ಎಲ್ಲವನ್ನೂ ಹೆಸರಿನಲ್ಲೇ ತುಂಬುವ ನಮ್ಮಂಥವರಿಗೆ ಈ ಮಿತಿ ಬೇಗ ಎದುರಾಗುತ್ತದೆ. ಕಂಪೈಲರಿಗೆ ಇದು ಮೊದಲೇ ತಿಳಿಯುವಂಥದ್ದಲ್ಲ. ಓಡುವಾಗ ಬರುವ 36ನೆಯ ಸಂಖ್ಯೆಯ ದೋಷವೇ ಅದನ್ನು ಹೇಳಬೇಕು.

ಇನ್ನು ರಸ್ಟ್ ಕಾಯದ ಜಾಗಗಳು. ಹೆಸರು ಬದಲಿಸುವ ‘ರೀನೇಮ್’ ಕರೆಗೆ ಕೊಟ್ಟ ಹೊಸ ಹೆಸರಿನಲ್ಲಿ ಆಗಲೇ ಒಂದು ಫೈಲ್ ಇದ್ದರೆ, ಅದು ಕೇಳದೆ ಹಳೆಯದನ್ನು ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಇಡುತ್ತದೆ. ‘ಕಾಪಿ’ಯದೂ ಇದೇ ಸ್ವಭಾವ. ರಸ್ಟಿನ ಕಣ್ಣಿಗೆ ಎರಡೂ ಯಶಸ್ವಿ ಕೆಲಸಗಳೇ. ಆದ್ದರಿಂದ ನಮ್ಮ ನಕಲಿನ ಪ್ರೋಗ್ರಾಮು ಗುರಿಯ ಫೈಲನ್ನು ‘ಕ್ರಿಯೇಟ್ ನ್ಯೂ’ ಎಂಬ ಆಯ್ಕೆಯಿಂದಲೇ ತೆರೆಯುತ್ತದೆ; ಆ ಹೆಸರು ಮೊದಲೇ ಇದ್ದರೆ ದೋಷ ಬರುತ್ತದೆ, ಹಳೆಯದು ಉಳಿಯುತ್ತದೆ. ‘ರಿಮೂವ್ ಫೈಲ್’ ಎಂದರೆ ಕಸದ ಬುಟ್ಟಿಗೆ ಹಾಕುವುದಲ್ಲ, ಅಳಿಸಿಯೇ ಬಿಡುವುದು. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ‘ರೀನೇಮ್’ ಮಾಡಲು ಹೊರಟರೆ ಲಿನಕ್ಸಿನಲ್ಲಿ 18ನೆಯ ಸಂಖ್ಯೆಯ ದೋಷ ಬರುತ್ತದೆ. ಆಗ ನಕಲು ಮಾಡಿ, ತಾಳೆ ನೋಡಿ, ಆಮೇಲೆ ಮೂಲವನ್ನು ಅಳಿಸುವ ಕೆಲಸವನ್ನು ನಾವೇ ಬರೆಯಬೇಕು.

ಆಷಾಢದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ನಮ್ಮ ಸೀಮೆಯಲ್ಲಿ ಬಹಳ ಮುಖ್ಯವಾದದ್ದು ಮುಂದಿನ ಮಾತು. ಫೈಲನ್ನು ಹಿಡಿದ ವೇರಿಯಬಲ್ ತನ್ನ ವ್ಯಾಪ್ತಿ ಮುಗಿದೊಡನೆ ತಾನೇ ಮುಚ್ಚಿಕೊಳ್ಳುವುದು ರಸ್ಟಿನ ಅನುಕೂಲಗಳಲ್ಲಿ ಒಂದು. ಆದರೆ ಹಾಗೆ ಮುಚ್ಚುವಾಗ ಬಂದ ದೋಷವನ್ನು ಅದು ಯಾರಿಗೂ ಹೇಳುವುದಿಲ್ಲ. ‘ಬಫ್‌ರೈಟರ್’ (ಬರೆಯುವುದನ್ನು ಮೆಮೊರಿಯಲ್ಲಿ ಕೂಡಿಟ್ಟು ಒಟ್ಟಿಗೆ ಕಳುಹಿಸುವ ಸಾಧನ) ಬಳಸಿದ್ದರೆ ಕೊನೆಯ ತುಣುಕು ಡಿಸ್ಕಿಗೆ ಹೋಗಲಿಲ್ಲವೆಂಬ ಸುದ್ದಿಯೂ ಹೀಗೆಯೇ ಮುಚ್ಚಿಹೋಗುತ್ತದೆ. ಪ್ರತಿಯೊಂದು ಉತ್ತರವನ್ನೂ ನೋಡು ಎಂದು ಪಟ್ಟು ಹಿಡಿಯುವ ಭಾಷೆ ಇಲ್ಲಿ ಮಾತ್ರ ಮೌನವಾಗಿರುವುದು ನನಗೆ ಇಂದಿಗೂ ಸರಿಕಾಣುವುದಿಲ್ಲ. ಪರಿಹಾರ ಇದೆ: ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿನಿಂದ ಬರೆದು, ಕೂಡಿಟ್ಟದ್ದನ್ನು ಹೊರಗೆ ಕಳುಹಿಸುವ ‘ಫ್ಲಶ್’ ಮತ್ತು ಅದನ್ನು ಡಿಸ್ಕಿಗೆ ತಲುಪಿಸುವ ‘ಸಿಂಕ್ ಆಲ್’ ಎರಡನ್ನೂ ಕರೆದು, ಅವುಗಳ ಉತ್ತರ ನೋಡಿ, ಬಳಿಕವೇ ನಿಜವಾದ ಹೆಸರು ಕೊಡುವುದು. ನಡುವೆ ಕರೆಂಟು ಹೋದರೆ ಅರ್ಧ ಬರೆದ ತಾತ್ಕಾಲಿಕ ಫೈಲ್ ಉಳಿಯಬಹುದು, ಅರ್ಧ ಚಿತ್ರವೇ ಪೂರ್ಣ ಚಿತ್ರದ ಹೆಸರು ಹೊತ್ತು ಕೂರುವುದಿಲ್ಲ. ತಾಳೆ ನೋಡುವ ಮೊದಲು ಡಿಸ್ಕನ್ನು ಅನ್‌ಮೌಂಟ್ ಮಾಡಿ ಮತ್ತೆ ಜೋಡಿಸುವುದು ಒಳ್ಳೆಯದು, ಇಲ್ಲದಿದ್ದರೆ ಈಗಷ್ಟೇ ಬರೆದದ್ದನ್ನು ಡಿಸ್ಕಿನ ಬದಲು ಮೆಮೊರಿಯಿಂದಲೇ ಓದಿ ಎಲ್ಲ ಸರಿಯಿದೆ ಎಂಬ ಉತ್ತರ ಬರಬಹುದು.

ಕಂಪೈಲ್ ಆಗಲು ಹಿಡಿಯುವ ಸಮಯ ಹಳೆಯ ಲ್ಯಾಪ್‌ಟಾಪಿನಲ್ಲಿ ಬೇಸರ ತರಿಸುತ್ತದೆ, ಕಂಪೈಲ್ ಆದ ಫೈಲುಗಳು ಸೇರುವ ‘ಟಾರ್ಗೆಟ್’ ಫೋಲ್ಡರು ಸದ್ದಿಲ್ಲದೆ ಬೆಳೆಯುತ್ತದೆ. ವಿಂಡೋಸಿನಲ್ಲಿ ಸಾಮಾನ್ಯ ರೀತಿಯಲ್ಲಿ ಅನುಸ್ಥಾಪಿಸುವವರು ಮೈಕ್ರೋಸಾಫ್ಟಿನ ಬಿಲ್ಡ್ ಟೂಲ್ಸ್ ಎಂಬ ದೊಡ್ಡ ಕಂತೆಯನ್ನೂ ಇಳಿಸಿಕೊಳ್ಳಬೇಕು. ನೆಟ್‌ವರ್ಕ್ ಸಿಗದ ಊರಿಗೆ ಹೋಗುವ ಮುನ್ನ ಪೇಟೆಯಲ್ಲಿಯೇ ‘ಕಾರ್ಗೋ ಫೆಚ್’ ಎಂಬ ಆಜ್ಞೆ ಕೊಟ್ಟು ಕ್ರೇಟುಗಳನ್ನು ತಂದಿಟ್ಟುಕೊಂಡರೆ, ಅಲ್ಲಿ ‘ಆಫ್‌ಲೈನ್’ ಆಯ್ಕೆಯಿಂದ ಕೆಲಸ ನಡೆಯುತ್ತದೆ. ಚೆಕ್‌ಸಮ್ (ಎರಡು ಫೈಲುಗಳು ಒಂದೇ ಎಂದು ತಾಳೆ ನೋಡಲು ಬಳಸುವ ಸಂಖ್ಯೆ) ಲೆಕ್ಕ ಹಾಕುವ ಪ್ರೋಗ್ರಾಮನ್ನು ವೇಗವಾಗಿ ಓಡುವ ‘ರಿಲೀಸ್’ ರೂಪದಲ್ಲಿಯೇ ಕಟ್ಟಬೇಕು. ತಪ್ಪು ಹುಡುಕಲೆಂದಿರುವ ಡೀಬಗ್ ರೂಪದ ನಿಧಾನವನ್ನು ನೋಡಿ ಭಾಷೆಯನ್ನು ಅಳೆಯುವುದು ಅನ್ಯಾಯ.

ಹೊಸ ಕಂಪೈಲರ್ ಆರು ವಾರಕ್ಕೊಮ್ಮೆ ಬರುತ್ತದೆ, ಆದರೂ 2021ರ ಎಡಿಷನ್ (ಭಾಷೆಯ ನಿಯಮಗಳ ಆ ವರ್ಷದ ರೂಪ) ಎಂದು ಗುರುತು ಹಾಕಿದ ನಮ್ಮ ಪ್ರೋಗ್ರಾಮುಗಳು ಈಗಲೂ ಹಾಗೆಯೇ ಕಟ್ಟಲ್ಪಡುತ್ತಿವೆ. ತಿದ್ದುಪಡಿ ಬೇಕಾದದ್ದು ಭಾಷೆಗಲ್ಲ, ಕ್ರೇಟುಗಳಿಗೆ: ಕಮಾಂಡ್ ಲೈನಿನಲ್ಲಿ ಕೊಟ್ಟ ಆಯ್ಕೆಗಳನ್ನು ಓದುವ ‘ಕ್ಲ್ಯಾಪ್’ 3ರಿಂದ 4ಕ್ಕೆ ಹೋದಾಗ ಕೆಲವು ಸಾಲುಗಳನ್ನು ಮತ್ತೆ ಬರೆಯಬೇಕಾಯಿತು. ನಕಲಾದ ಫೈಲಿಗೆ ಮೂಲದ ದಿನಾಂಕ ಹಾಕಲು ಬೇರೆ ಕ್ರೇಟ್ ಬೇಕಿತ್ತು; 1.75ನೆಯ ಆವೃತ್ತಿಯಿಂದ ಅದು ಮೂಲ ಗ್ರಂಥಾಲಯದಲ್ಲಿಯೇ ಸಿಗುತ್ತದೆ.

ಒಂದು ಫೋಲ್ಡರಿನ ಹತ್ತಿಪ್ಪತ್ತು ಫೈಲುಗಳ ಹೆಸರು ಬದಲಿಸಲು ಇದಾವುದೂ ಬೇಡ, ಅದಕ್ಕೆ ನಾನು ಈಗಲೂ ಶೆಲ್ಲಿನ ಎರಡು ಸಾಲನ್ನೇ ಬಳಸುತ್ತೇನೆ. ಮೂಲ ಪತ್ರ ಮತ್ತೆ ಕೈಗೆ ಸಿಗದಂಥ ಸಂಗ್ರಹವನ್ನು ವರ್ಷಗಟ್ಟಲೆ ನೋಡಿಕೊಳ್ಳುವವರು ರಸ್ಟ್ ಕಲಿಯಲು ಒಂದಷ್ಟು ತಿಂಗಳು ಕೊಡಬಹುದು, ಬ್ಯಾಕಪ್ ಡಿಸ್ಕಿನ ಖರ್ಚನ್ನು ಮಾತ್ರ ಅದರಿಂದ ಉಳಿಸಲಾಗದು.