ಹುಣಸೆಬೀಜದಲ್ಲಿ ಗ್ರೀಕರ ಲೆಕ್ಕ: ತುಮಕೂರಿನ ಒಂದು ಭಾನುವಾರದ ತರಗತಿ

ತುಮಕೂರಿನ ಎಸ್.ಎಸ್. ಪುರಂನ ಮನೆಯೊಂದರ ಮಹಡಿಯಲ್ಲಿ ಭಾನುವಾರಗಳಂದು ನಡೆಯುವ ಗಣಿತ ತರಗತಿಗೆ, ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗಳನ್ನು ಎಂಟು ವಾರ ಕಳುಹಿಸಿದೆವು. ಪ್ರಾಚೀನ ಗ್ರೀಕರ ಗಣಿತದ ಮೂಲಕ ಕೂಡುವುದು, ಕಳೆಯುವುದು, ಗುಣಿಸುವುದನ್ನು ಕಲಿಸುತ್ತೇವೆ ಎಂದಾಗ, ಬಾಯಲ್ಲಿರಬೇಕಾದ ಮಗ್ಗಿಯನ್ನು ಬಿಟ್ಟು ಗ್ರೀಸಿನವರೆಗೆ ಹೋಗುವ ಅಗತ್ಯವೇನಿತ್ತು ಎಂದು ನನಗೆ ಅನ್ನಿಸಿದ್ದುಂಟು.

ಮೊದಲ ಎರಡು ವಾರಗಳಲ್ಲೇ ಆ ಅನುಮಾನ ಬಹುಮಟ್ಟಿಗೆ ಕರಗಿತು. ಪೈಥಾಗೊರಸನ ಅನುಯಾಯಿಗಳು ಬೆಣಚುಕಲ್ಲುಗಳನ್ನು ಜೋಡಿಸಿ ಸಂಖ್ಯೆಗಳಿಗೆ ಆಕಾರ ಕೊಡುತ್ತಿದ್ದರು. ಇಲ್ಲಿ ಕಲ್ಲಿನ ಬದಲು ಹುಣಸೆಬೀಜ, ನಮ್ಮ ಕಡೆ ಅದಕ್ಕೆ ಬರವೇನೂ ಇಲ್ಲ. ಒಂದು ಬೀಜವಿಟ್ಟು, ಅದನ್ನು ಬಳಸಿದಂತೆ ಮೂರು, ಅದರಾಚೆ ಐದು, ಆಮೇಲೆ ಏಳು, ಹೀಗೆ ಬಡಗಿಯ ಮೂಲೆಮಟ್ಟದ ಆಕಾರದಲ್ಲಿ ಇಡುತ್ತಾ ಹೋದರೆ ಪ್ರತಿ ಸಲವೂ ಚೌಕ ತುಂಬುತ್ತದೆ: 1, 4, 9, 16. ಗ್ರೀಕರು ಆ ಆಕಾರವನ್ನು ಕರೆದದ್ದೂ ಮೂಲೆಮಟ್ಟದ ಹೆಸರಿನಿಂದಲೇ, ನೋಮನ್ ಎಂದು. ಅಡುಗೆಮನೆಯ ನೆಲದ ಮೇಲೆ 81 ಬೀಜ ಹರಡಿಕೊಂಡು ಕುಳಿತಿದ್ದವಳು "ಅಪ್ಪಾ, ಇನ್ನು ಹತ್ತೊಂಬತ್ತು ಕೊಡು, ನೂರಾಗುತ್ತದೆ" ಎಂದು ಎಣಿಸದೆಯೇ ಕೇಳಿದಳು.

ಅನಂತರದ ಎರಡು ಭಾನುವಾರಗಳು ಮಾತ್ರ ದಂಡವಾದವು. ಆಲ್ಫಾ ಎಂದರೆ 1, ಅಯೋಟಾ ಎಂದರೆ 10, ರೋ ಎಂದರೆ 100 ಎಂಬ ಅಕ್ಷರ ಪದ್ಧತಿಯಲ್ಲಿ ಸ್ಥಾನಬೆಲೆಯೇ ಇಲ್ಲ. 302ರಲ್ಲಿ 148 ಕಳೆಯುವಾಗ ಸೊನ್ನೆಯ ಮುಂದೆ ತಡವರಿಸುವ ಮಗುವಿಗೆ ಅದರಿಂದ ಏನು ನೆರವು?

ಕ್ರಿ.ಪೂ. 3ನೆಯ ಶತಮಾನದ ಎರಾಟೊಸ್ಥೆನೀಸನ ಜರಡಿಯಲ್ಲಿ ಇನ್ನೊಂದು ಕೊರತೆ ಕಂಡಿತು. 2ರಿಂದ 100ರವರೆಗೆ ಬರೆದು, 2, 3, 5, 7ನ್ನು ಉಳಿಸಿಕೊಂಡು ಅವುಗಳ ಮಗ್ಗಿಯಲ್ಲಿ ಬರುವುದನ್ನೆಲ್ಲ ಹೊಡೆದುಹಾಕಿದರೆ 25 ಅವಿಭಾಜ್ಯ ಸಂಖ್ಯೆಗಳು ಉಳಿಯಬೇಕು. ಅವಳ ಹಾಳೆಯಲ್ಲಿ 26 ಇದ್ದವು, ಕೆಳಗೆ ಶಿಕ್ಷಕರ ಸರಿ ಗುರುತು ಬೇರೆ. 91 ಹಾಗೆಯೇ ಉಳಿದಿತ್ತು. (77 ನೋಡಿದೊಡನೆ ಗೊತ್ತಾಯಿತಂತೆ.) ಏಳು ಹತ್ತಲೆ ಎಪ್ಪತ್ತಕ್ಕೆ ಮಗ್ಗಿ ನಿಂತವಳಿಗೆ ಏಳು ಹದಿಮೂರಲೆ 91 ಎಂಬುದು ಹೊಳೆಯುವುದು ಕಷ್ಟ, ಇಲ್ಲಿ ಮಗ್ಗಿ ಒಪ್ಪಿಸುವ ರೂಢಿಯೂ ಇಲ್ಲ. ಹದಿನೆಂಟು ಮಕ್ಕಳಿಗೆ ಒಬ್ಬರೇ ಶಿಕ್ಷಕರು ಎಂಬುದನ್ನೂ ಸೇರಲಿಚ್ಛಿಸುವವರು ಗಮನಿಸಬೇಕು. ನಾನು ತಪ್ಪನ್ನು ತೋರಿಸದೆ ಸುಮ್ಮನಿದ್ದೆ.

ಕೊನೆಯ ವಾರ ಯೂಕ್ಲಿಡ್‌ನ ಕ್ರಮದಲ್ಲಿ, ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಲೇ ಮಸಾಅ, ಅಂದರೆ ಎರಡೂ ಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಕಂಡುಹಿಡಿಯುವುದನ್ನು ಕಲಿಸಿದರು. ಕಳೆಯುವ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ಕಂಡಿಲ್ಲ. ಮನೆಗೆ ಕೊಟ್ಟಿದ್ದ ಲೆಕ್ಕದಲ್ಲಿ 91 ಮತ್ತು 35 ಇದ್ದವು. 56, 21, 14 ಎಂದು ಇಳಿಸುತ್ತಾ ಬಂದು 7ಕ್ಕೆ ನಿಂತವಳು, ಎದ್ದು ಹೋಗಿ ಚೀಲದಿಂದ ಜರಡಿಯ ಹಾಳೆ ತೆಗೆದು, 91ರ ಮೇಲೆ ಗೀಟು ಎಳೆದಳು.